ಬಸಿದ ನೀರು

ಶ್ರಾವಣದ ಸೋನೆ ಎರಡು ದಿನದಿಂದ ಹೊಳವಾಗಿತ್ತು. ನೆಲದ ಹಸಿ ಆರುವ ಮೊದಲೇ ಕಳೆ ಮುಗಿಸಬೇಕೆಂದು ರುದ್ರಮ್ಮ ಬೆಳಗಿನಿಂದಲೇ ರಾಗಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಸಾಲು ಹಿಡಿದಿದ್ದಳು. ಗರಿಕೆ, ಹುಲ್ಲು ಎಲ್ಲ ಬದುವಿನ ಕಡೆ ಬೀಳುತ್ತಿದ್ದವು. ನಡುನಡುವೆ ಸಿಕ್ಕ ಅಣ್ಣೆಸೊಪ್ಪು, ಕೀರೆಸೊಪ್ಪು ಮಾತ್ರ ಮಣ್ಣು ಕೊಡವಿಸಿಕೊಂಡು ಅವಳ ಮಡಿಲು ಸೇರುತ್ತಿದ್ದವು. ತಗಡೂರಿನಾಚೆಯ ಆ ಹಳ್ಳಿಗಳಲ್ಲಿ ಕಳೆಗೆ ಹೋದ ಹೆಂಗಸು ಬರಿ ಮಡಿಲಲ್ಲಿ ಮನೆಗೆ ಬಂದರೆ ಕೈಲಾಗದವಳು ಅನ್ನುತ್ತಾರೆ.

ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಬಡಕೊಂಡಿತು. ತಿ. ನರಸೀಪುರದಿಂದ ಹೇಮಲತಾ. ಕಿಡ್ನಿ ಕಾಯಿಲೆಯವರಿಗೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿಕೊಟ್ಟು, ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಅವಳ ಕೆಲಸ. ಅದಕ್ಕೆಂದೇ ಒಂದು ಸಂಸ್ಥೆ ಅವಳನ್ನು ಇಟ್ಟುಕೊಂಡಿತ್ತು.

"ಯಜಮಾನ್ರು ಹೆಂಗಿದಾರಮ್ಮ? ಸೊಪ್ಪು, ತರಕಾರಿ ಎಲ್ಲ ಬೇಯಿಸಿ ಬಸಿದೇ ಕೊಡ್ತಿದೀರಾ?"

"ಬಸ್ದೇ ಕೊಡ್ತೀನಿ ಕಣ್ ಮೇಡಮ್ಮೋರೇ. ನೀವು ಏಳ್ದಾಗಿಂದ ಒಂದು ದಿನಾನೂ ತಪ್ಸಿಲ್ಲ."

ನಿಮ್ಮಂಥವರು ನಾಲ್ಕು ಜನ ಇದ್ದರೆ ನನ್ನ ಕೆಲಸ ಸಲೀಸು ಎಂದು ಹೇಮಲತಾ ಹೊಗಳಿದಳು. ಫೋನಿಟ್ಟ ಮೇಲೂ ರುದ್ರಮ್ಮನ ಮುಖದಲ್ಲಿ ಆ ಮಾತಿನ ಕಳೆ ಇತ್ತು. ಓದಿದ ಹೆಂಗಸೊಬ್ಬಳು ಅವಳ ಅಡಿಗೆಮನೆಯನ್ನು ಭೇಷ್ ಅಂದದ್ದು ಅದೇ ಮೊದಲು.

ಅವಳ ಗಂಡ ಪುಟ್ಟಬಸವಯ್ಯನಿಗೆ ಬಹಳ ವರ್ಷದ ಸಕ್ಕರೆ ಕಾಯಿಲೆ. ಹೋದ ಬೇಸಿಗೆಯಲ್ಲಿ ಪಾದ ಊದಿಕೊಂಡಾಗ ಮಗ ಬಸವಪ್ರಸಾದ್ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದ. ಕಿಡ್ನಿ ಕಾಲುಭಾಗ ಮಾತ್ರ ಕೆಲಸ ಮಾಡುತ್ತಿದೆ, ಮಾತ್ರೆ ನುಂಗಿ ಬಾಯಿ ಕಟ್ಟಿದರೆ ಡಯಾಲಿಸಿಸ್ ಇಲ್ಲದೆ ಇನ್ನೂ ಕೆಲವು ವರ್ಷ ತಳ್ಳಬಹುದು ಎಂದರು ಡಾಕ್ಟರು. ಪುಟ್ಟಬಸವಯ್ಯ ತನ್ನ ಅಣ್ಣ ಆ ಮಿಷನ್ನಿಗೆ ಮಲಗಿ ಮಲಗಿ ಸೊರಗಿದ್ದನ್ನು ಕಂಡವನು. ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿಗೆ ಒಂದೇ ಮಾತು ಹೇಳಿದ್ದ: "ಏನಾರ ಮಾಡು, ಮಿಷನ್ನಿಗೆ ಮಾತ್ರ ಮನಗಿಸ್ಬ್ಯಾಡ ಕಣಮ್ಮಿ." ರುದ್ರಮ್ಮ ಆಗಲಿ ಅಂದಿದ್ದಳು.

ನರಸೀಪುರದಲ್ಲಿ ಹೇಮಲತಾ ನಡೆಸಿದ ತರಗತಿಗೆ ಗಂಡ ಹೆಂಡತಿ ಜೊತೆಗೇ ಹೋಗಿದ್ದರು. ರಕ್ತದಲ್ಲಿ ಪೊಟ್ಯಾಷಿಯಂ ಏರಬಾರದು ಎಂದು ಅವಳು ಹೇಳಿದಾಗ ಪುಟ್ಟಬಸವಯ್ಯ ಹಿಂದಿನ ಬೆಂಚಿನಿಂದ, "ಒಲಕ್ಕೆ ಆಕೋ ಪೊಟ್ಯಾಷಾ ತಾಯಿ? ನಾನೇನು ಬಾಳೆಗಿಡವಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಹೇಮಲತಾ ತಾನೂ ನಕ್ಕು, ಹೂಂ ಅದೇ ಜಾತಿಯದು, ಕಿಡ್ನಿ ಸರಿಯಿದ್ದರೆ ಹೆಚ್ಚಾದದ್ದನ್ನು ಹೊರಗೆ ಹಾಕುತ್ತೆ, ಕೆಟ್ಟಿದ್ದರೆ ಅದು ಒಳಗೇ ಉಳಿದು ಎದೆ ನಿಲ್ಲಿಸುತ್ತೆ ಎಂದಳು. ಎಳನೀರು ಬೇಡ, ರಸಬಾಳೆಯೂ ಬೇಡ. ಸೊಪ್ಪು, ತರಕಾರಿಗಳನ್ನು ಧಾರಾಳ ನೀರಲ್ಲಿ ಬೇಯಿಸಿ ಬಸಿದರೆ ಅವುಗಳಲ್ಲಿರುವ ಪೊಟ್ಯಾಷಿಯಂ ಮುಕ್ಕಾಲು ಹೋಗುತ್ತೆ. ಎಲ್ಲಿಗೆ ಹೋಗುತ್ತೆ ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬೇಯುವಾಗ ಹಸಿವಾಸನೆ ಹೋಗುವ ಹಾಗೆ ಇದೂ ಹೋಗುತ್ತದೆ ಎಂದುಕೊಂಡಳು ರುದ್ರಮ್ಮ.

ಬೇಯಿಸಿ ಬಸಿಯುವುದು ಅವಳಿಗೇನು ಹೊಸದೆ? ಅತ್ತೆಯ ಕಾಲದಿಂದ ಆ ಮನೆಯಲ್ಲಿ ವಾರಕ್ಕೆ ಮೂರು ದಿನ ಬಸ್ಸಾರೇ. ಬಸಿದ ಸೊಪ್ಪು ಪಲ್ಯಕ್ಕೆ, ಬಸಿದ ನೀರು ಸಾರಿಗೆ. ಅದಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದಾದರೂ ಹೇಗೆ? ಗಂಡನಿಗೆಂದು ಬೇರೆ ಪುಟ್ಟ ಪಾತ್ರೆ ಇಟ್ಟಳು. ಮೇಡಂ ಹೇಳಿದ್ದಂತೆ ಉಪ್ಪು ಚಿಟಿಕೆ ಮಾತ್ರ, ಕಾಯಿ ಇಲ್ಲ, ಬೇಳೆ ಇಲ್ಲ. ಆ ಸಪ್ಪೆಯನ್ನು ಮುಚ್ಚಲು ಬೆಳ್ಳುಳ್ಳಿ ಸುಟ್ಟು, ಮೆಣಸು ಅರೆದು, ಎರಡು ಹಿಡಿ ಸೊಪ್ಪು ಹೆಚ್ಚಿಗೆ ಹಾಕಿ ಬಸಿದು ಗಟ್ಟಿಯಾಗಿ ಕಾಯಿಸುವಳು. ನಾಲಿಗೆ ಕೆಟ್ಟುಹೋಗಿದ್ದ ಪುಟ್ಟಬಸವಯ್ಯ ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದದ್ದು ಆ ಸಾರೊಂದನ್ನೇ.

ಗೌರಿ ಹಬ್ಬ ಕಳೆದ ಮೇಲೆ ರಕ್ತ ಪರೀಕ್ಷೆ ಆಯಿತು. ಪೊಟ್ಯಾಷಿಯಂ ಏರಿತ್ತು. ಡಾಕ್ಟರು ಅದಕ್ಕೆ ಒಂದು ಪುಡಿ ಬರೆದುಕೊಟ್ಟು, ಊಟದಲ್ಲಿ ಎಲ್ಲೋ ತಪ್ಪುತ್ತಿದೆ ನೋಡಿ ಎಂದರು. ಹೇಮಲತಾ ಫೋನಿನಲ್ಲಿ ರುದ್ರಮ್ಮನಿಗೆ ಧೈರ್ಯ ಹೇಳಿದಳು. ನಿಮ್ಮದೇನೂ ತಪ್ಪಿಲ್ಲ, ಯಜಮಾನರೇ ಆಚೆ ಎಲ್ಲೋ ಕದ್ದು ತಿನ್ನುತ್ತಿರಬೇಕು, ಗಂಡಸರು ಮಾಡೋದೇ ಇದು, ಒಂದು ಕಣ್ಣಿಡಿ ಎಂದಳು. ಸೊಪ್ಪಿಗೆ ಇನ್ನೊಂದು ಚೆಂಬು ನೀರು ಜಾಸ್ತಿ ಇಟ್ಟು ಬಸಿಯಿರಿ ಎಂದೂ ಸೇರಿಸಿದಳು. ರುದ್ರಮ್ಮ ಹಾಗೇ ಮಾಡಿದಳು. ಸಾರು ಇನ್ನೊಂದು ಬಟ್ಟಲು ಹೆಚ್ಚಿಗೆ ಆಯಿತು.

ಕಣ್ಣನ್ನೂ ಇಟ್ಟಳು. ಪುಟ್ಟಬಸವಯ್ಯ ಮಧ್ಯಾಹ್ನದ ಹೊತ್ತು ನಾಲೆ ಪಕ್ಕದ ರಾಚಯ್ಯನ ತೋಟಕ್ಕೆ ಹೋಗಿ ಕೂರುತ್ತಿದ್ದ. ಇಬ್ಬರೂ ಒಟ್ಟಿಗೆ ದನ ಕಾಯ್ದು ಬೆಳೆದವರು. ಒಂದು ದಿನ ಅವಳು ಹಿಂದೆಯೇ ಹೋಗಿ ನೋಡಿದರೆ, ಇಬ್ಬರೂ ಕೂತಿದ್ದ ಜಾಗದಲ್ಲಿ ಕುಡಿದೆಸೆದ ಎಳನೀರಿನ ಬುರುಡೆಗಳು. ಯಾರು ಕುಡಿದದ್ದೆಂದು ಕೇಳುವ ವ್ಯವಧಾನ ಅವಳಿಗಿರಲಿಲ್ಲ.

ಅಂದು ಸಂಜೆ ಹಾಲಿನ ಡೈರಿ ಮುಂದೆ ಜನ ಕ್ಯಾನು ಹಿಡಿದು ಸಾಲು ನಿಂತಿದ್ದರು. ರಾಚಯ್ಯನೂ ಇದ್ದ, ಅವನ ಹಿಂದೆ ಪುಟ್ಟಬಸವಯ್ಯನೂ ಇದ್ದ.

"ನನ್ ಗಂಡಂಗೆ ಎಳನೀರು ಕುಡ್ಸಿ ಕುಡ್ಸಿ ಮಣ್ಣಿಗಾಕ್ಬೇಕು ಅಂತಿದ್ದೀಯಾ ರಾಚಣ್ಣ?" ಎಂದಳು ರುದ್ರಮ್ಮ.

ರಾಚಯ್ಯ ಕ್ಯಾನು ಕೆಳಗಿಟ್ಟ. "ಕುಡಿದೋನು ನಾನು ಕಣತ್ಗೆ. ಅವನು ಮುಟ್ಟಿಲ್ಲ."

ಅವಳು ಗಂಡನ ಕಡೆ ತಿರುಗಿದಳು. "ಅಂಗಾದ್ರೆ ಲಿಂಗ ಇಡ್ಕಂಡು ಏಳಿ. ಎಲ್ರೂ ಕೇಳ್ಲಿ."

ಕೊರಳಲ್ಲಿ ಲಿಂಗ ಕಟ್ಟಿದವನನ್ನು, ಅದೂ ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದವನನ್ನು, ಬೀದಿಯಲ್ಲಿ ಹಾಗೆ ಆಣೆಗೆ ಎಳೆಯುವುದು ಆ ಊರಲ್ಲಿ ಯಾರೂ ಕಂಡದ್ದಲ್ಲ. ಪುಟ್ಟಬಸವಯ್ಯ ಹೆಂಡತಿಯನ್ನು ಒಂದು ಗಳಿಗೆ ನೋಡಿದ. ಅಂಗಿಯೊಳಗಿಂದ ಲಿಂಗದ ಕರಡಿಗೆ ತೆಗೆದು ಮುಷ್ಟಿಯಲ್ಲಿ ಹಿಡಿದು, "ನಾನು ಮುಟ್ಟಿಲ್ಲ" ಎಂದ. ಹಾಲು ಹಾಕದೆ ಕ್ಯಾನು ಅಲ್ಲೇ ಬಿಟ್ಟು ಮನೆ ಕಡೆ ನಡೆದ. ಮಾರನೆಯ ದಿನದಿಂದ ರಾಚಯ್ಯ ಅವರ ಬೀದಿಗೆ ಕಾಲಿಡಲಿಲ್ಲ, ಪುಟ್ಟಬಸವಯ್ಯ ತೋಟದ ಕಡೆ ಹೋಗಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಪೊಟ್ಯಾಷಿಯಂ ಮತ್ತಷ್ಟು ಏರಿತ್ತು. ಲಿಂಗ ಹಿಡಿದೂ ಸುಳ್ಳು ಹೇಳಿದರಲ್ಲ ಎಂದು ರುದ್ರಮ್ಮನ ಒಳಗೆ ಏನೋ ಕಲ್ಲಾಯಿತು. ಬಾಯಿ ಬಿಟ್ಟು ಅನ್ನಲಿಲ್ಲ. ಆದರೆ ತಟ್ಟೆ ಇಡುವ ಸದ್ದಿನಲ್ಲಿ ಎಲ್ಲ ಇರುತ್ತಿತ್ತು. ಅವನು ತಲೆ ಎತ್ತದೆ, ಇಟ್ಟಷ್ಟನ್ನು ಉಣ್ಣುತ್ತಿದ್ದ.

ದೀಪಾವಳಿಯ ಹಿಂದಿನ ದಿನ ಕೊಟ್ಟಿಗೆಯಲ್ಲಿ ಹಸು ಬಿಚ್ಚುತ್ತಿದ್ದವನು ಕಾಲಲ್ಲಿ ಶಕ್ತಿಯಿಲ್ಲ ಅಂದ, ಅಂದವನು ಕುಸಿದ. ಮಗ ಕಾರು ಮಾಡಿಸಿ ಮೈಸೂರಿಗೆ ಒಯ್ದ. ಇನ್ನೊಂದಿಷ್ಟು ತಡವಾಗಿದ್ದರೆ ಎದೆ ನಿಲ್ಲುತ್ತಿತ್ತು, ಅಷ್ಟು ಪೊಟ್ಯಾಷಿಯಂ ಇತ್ತು ಎಂದರು ಅಲ್ಲಿ. ಕತ್ತಿಗೆ ನಳಿಗೆ ಹಾಕಿ ಮಿಷನ್ನಿಗೆ ಮಲಗಿಸಿದರು. ಕಿಡ್ನಿಯಲ್ಲಿ ಉಳಿದಿದ್ದ ಕಾಲುಭಾಗವೂ ಆ ಪೆಟ್ಟಿನಿಂದ ಮೇಲೇಳಲಿಲ್ಲ. ಆಮೇಲೆ ವಾರಕ್ಕೆರಡು ದಿನ ನಂಜನಗೂಡಿಗೆ ಬಸ್ಸಲ್ಲಿ ಹೋಗಿ ಮಲಗಿ ಬರುವುದೇ ಅವನ ಬೇಸಾಯವಾಯಿತು.

ಅವರೆಕಾಯಿ ಕಾಲಕ್ಕೆ ಹೇಮಲತಾ ತಾನೇ ಮನೆಗೆ ಬಂದಳು. ಮಿಷನ್ನಿಗೆ ಹೋಗುವವರ ಊಟದ ಕ್ರಮವೇ ಬೇರೆ, ಕೂತು ಹೇಳಿಕೊಡಬೇಕಿತ್ತು. ಪುಟ್ಟಬಸವಯ್ಯ ಹೊರಗೆ ಜಗಲಿಯಲ್ಲಿ ಬಿಸಿಲಿಗೆ ಕೂತಿದ್ದ. ಅವಳು ಒಳಗೆ ಒಲೆಯ ಪಕ್ಕ ಮಣೆ ಹಾಕಿಸಿಕೊಂಡು ಕೂತು ಮಾತಾಡುತ್ತಾ, ರುದ್ರಮ್ಮ ಬೆಂದ ಸೊಪ್ಪನ್ನು ಬಸಿಯುವುದನ್ನು ನೋಡಿ ತಲೆದೂಗಿದಳು. ರುದ್ರಮ್ಮ ಸೊಪ್ಪನ್ನು ಪಕ್ಕಕ್ಕಿಟ್ಟು, ಬಸಿದ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಅರೆದ ಮೆಣಸು, ಬೆಳ್ಳುಳ್ಳಿಯನ್ನು ಅದಕ್ಕೆ ಕದಡಿದಳು.

"ಇದು ಯಾರಿಗಮ್ಮ?"

"ಅವರ್ಗೇ. ನಮಗೆಲ್ಲ ಬ್ಯಾರೆ ಮಾಡ್ತೀನಿ, ಉಪ್ಪಿರ್ತದಲ್ಲ."

"ಮೊದಲಿಂದಾನೂ ಹಿಂಗೇನಾ?"

"ಊಂ. ಅದೊಂದನ್ನಾರ ಕೇಳಿ ಆಕಿಸ್ಕತಾರೆ."

ಹೇಮಲತಾ ಸಾರು ಕುದಿಯುವ ಮೊದಲೇ ಪಾತ್ರೆಯನ್ನು ಇಳಿಸಿ, ಸೊಪ್ಪಿನ ಪೊಟ್ಯಾಷಿಯಂ ಹೋಗುವುದು ಈ ನೀರಿಗೇ ಎಂದು ಹೇಳಿದಳು. ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

ರುದ್ರಮ್ಮನಿಗೆ ಮೊದಲು ನೆನಪಾದದ್ದು ಸಾರಲ್ಲ. "ಅಂಗಾದ್ರೆ ಅವರು ಎಳನೀರು ಕುಡೀಲೇ ಇಲ್ವಾ?" ಎಂದಳು.

"ಕುಡೀದೇನೇ ಇರಬಹುದು. ಇದೊಂದೇ ಸಾಕಾಗಿತ್ತು." ಹೇಮಲತಾ ತನ್ನ ಸೆರಗಿನ ಅಂಚನ್ನು ನೋಡುತ್ತಿದ್ದಳು. "ನಾನೂ ಬನ್ನೂರಿನ ಮಗಳೇ ಅಮ್ಮ. ನಮ್ಮವ್ವ ಈ ನೀರು ಚೆಲ್ಲಿದ್ದನ್ನ ನಾನು ಒಂದು ದಿನಾನೂ ಕಂಡಿಲ್ಲ. ನಿಮಗೆ ಚೆಲ್ಲಿ ಅಂತ ಒಂದು ಮಾತು ಹೇಳಬೇಕಿತ್ತು. ಬಸಿದ್ರಾ, ಬಸಿದ್ರಾ ಅಂತ ವಾರವಾರ ಕೇಳಿದೆ, ನೀರು ಏನು ಮಾಡಿದ್ರಿ ಅಂತ ಕೇಳಲಿಲ್ಲ. ಕದ್ದು ತಿಂತಾರೆ ಅಂದಿದ್ದೂ ನಾನೇ."

ಯಜಮಾನರಿಗೆ ತಾನೇ ಹೇಳುತ್ತೇನೆ, ಬೈಗುಳ ತನಗೇ ಇರಲಿ ಎಂದು ಅವಳು ಎದ್ದಳು. ರುದ್ರಮ್ಮ ಬಿಡಲಿಲ್ಲ. ಪಾತ್ರೆ ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲೂ ಕೈ ರೂಢಿಯಂತೆ ಹಸುವಿನ ಕಲಗಚ್ಚಿನ ಬಾನಿಯ ಕಡೆ ಹೋಯಿತು. ತಡೆದು, ತಿಪ್ಪೆಗೆ ಸುರಿದಳು.

ಹೇಮಲತಾ ಹೋದ ಮೇಲೆ ಜಗಲಿಯ ಕಂಬಕ್ಕೊರಗಿ ನಿಂತು ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಅಡ್ಡ ಬಾಯಿ ಹಾಕದೆ ಕೇಳಿದ. ನಳಿಗೆ ಹಾಕಿದ್ದ ಕತ್ತಿನ ಕಡೆಗೆ ಕೈ ಹೋಗಿ ಹಿಂದೆ ಬಂತು.

"ಮೇಡಮ್ಮಂಗೇನಾರ ಅಂದ್ಯಾ?"

"ಏನೂ ಅನ್ಲಿಲ್ಲ."

"ಅನ್ಬ್ಯಾಡ. ನಮ್ಮವ್ವ ಬದುಕಿದ್ರೂ ಅದೇ ಸಾರು ಇಕ್ಕೋಳು." ಮುಖ ಬೀದಿ ಕಡೆ ತಿರುಗಿಸಿದ. "ಸಾರು ನೀನು ಗೊತ್ತಿಲ್ದೆ ಮಾಡ್ದೆ ಕಣಮ್ಮಿ. ಲಿಂಗ ಮುಟ್ಸಿದ್ದು ಗೊತ್ತಿದ್ದೇ ಮಾಡ್ದೆ. ಮುಟ್ಟಿದ್ ಮ್ಯಾಲೂ ನಂಬ್ಲಿಲ್ಲ."

ಮಿಷನ್ನಿಗೆ ಮಲಗಿಸಬೇಡ ಅಂದಿದ್ದ ಮಾತನ್ನಾದರೂ ಅವನು ಎತ್ತಿ ಆಡಿದ್ದರೆ ರುದ್ರಮ್ಮ ಅತ್ತು ಹಗುರಾಗುತ್ತಿದ್ದಳೋ ಏನೋ.

ಮಾರನೆಯ ಬೆಳಿಗ್ಗೆ ಡೈರಿ ಬಾಗಿಲು ತೆಗೆಯುವ ಹೊತ್ತಿಗೇ ಹೋದಳು. ಸಾಲು ತುಂಬುವವರೆಗೆ ಒಂದು ಪಕ್ಕ ನಿಂತಿದ್ದಳು. ರಾಚಯ್ಯ ಬಂದು ಅವಳನ್ನು ಕಂಡು ಮುಖ ಆಚೆ ಮಾಡಿಕೊಂಡ.

"ರಾಚಣ್ಣ, ಅವತ್ತು ನಾನಂದಿದ್ದು ಸುಳ್ಳು" ಎಂದಳು, ಸಾಲಿನ ಕೊನೆಯವರಿಗೂ ಕೇಳುವಂತೆ. "ನೀನು ಅವರ್ಗೆ ಎಳನೀರು ಕೊಟ್ಟಿಲ್ಲ. ಅವರೂ ಕುಡಿದಿಲ್ಲ. ಅವರ ಮೈಗೆ ಆಗ್ದಿದ್ದು ನಾನು ಮಾಡಿಕ್ಕಿದ ಬಸ್ಸಾರು."

ಯಾರೋ ಒಬ್ಬ ನಗಬೇಕೋ ಬೇಡವೋ ತಿಳಿಯದೆ ಕೆಮ್ಮಿದ. ಡೈರಿಯ ಸೆಕ್ರೆಟರಿ ಹಾಲು ಅಳೆಯುವುದನ್ನು ನಿಲ್ಲಿಸಿದ್ದ. ರಾಚಯ್ಯ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, "ಆಯ್ತು ಬುಡಿ ಅತ್ಗೆ" ಎಂದು ಕ್ಯಾನನ್ನು ಕಾಲಿನಿಂದ ಮುಂದಕ್ಕೆ ಸರಿಸಿದ. ಮತ್ತೆ ಅವಳ ಕಡೆ ನೋಡಿ, ಬಿಸಿಲಿಳಿದ ಮೇಲೆ ಅವನನ್ನ ತೋಟಕ್ಕೆ ಕಳ್ಸಿ ಎಂದ.

ಅಂದು ನಂಜನಗೂಡಿಗೆ ಹೋಗುವ ಸರದಿ. ಬಸ್ಸಿಗೆ ಕಾಯುತ್ತ ನಿಂತಿದ್ದಾಗ ರುದ್ರಮ್ಮ ಡೈರಿಯ ಸುದ್ದಿ ಹೇಳಿದಳು.

"ರಾಚ ಏನಂದ?"

"ಆಯ್ತು ಬುಡಿ ಅಂದ. ನಿಮ್ಮನ್ನ ತೋಟಕ್ಕೆ ಕಳ್ಸು ಅಂದ."

"ಅವನ ಬಾಕಿ ತೀರ್ತು ಅನ್ನು" ಎಂದ ಪುಟ್ಟಬಸವಯ್ಯ.

ಅವಳು ಕಾದಳು. ಬಸ್ಸು ಬಂತು. ಅವನು ಕಂಬಿ ಹಿಡಿದು ನಿಧಾನಕ್ಕೆ ಹತ್ತಿ, ಕಿಟಕಿಯ ಪಕ್ಕ ಕೂತು, ಅವಳಿಗೆ ಜಾಗವಾಗುವಂತೆ ಒತ್ತರಿಸಿಕೊಂಡ. ಕಟಾವಾಗಿದ್ದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ತನ್ನ ಬಾಕಿಯ ಮಾತನ್ನು ಅವನು ಆಡಲಿಲ್ಲ. ಕಂಡಕ್ಟರು ಬಂದಾಗ ಅವಳೇ ಇಬ್ಬರದೂ ಚೀಟಿ ಕೇಳಿದಳು.