ಹಿರಿಯಣ್ಣ ಹೊರಡದ ಸಂಜೆ

ಉಕ್ಕಿನ ಕಾರ್ಖಾನೆಯ ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ಎಳೆದು ಜೋಡಿಸುವ ಡೀಸೆಲ್ ಎಂಜಿನ್‌ಗಳು ಮೂರು. ಒಂದೇ ಮಾದರಿಯಿಂದ ಕವಲೊಡೆದವು. ಚೌಕಟ್ಟು, ಹೊರಮೈ ಎಲ್ಲವೂ ಒಂದೇ, ಶಕ್ತಿಯನ್ನು ಗಾಲಿಗೆ ಮುಟ್ಟಿಸುವ ಕ್ರಮ ಮಾತ್ರ ಬೇರೆ. ಷೆಡ್ಡಿನವರು ಅವುಗಳನ್ನು ಅಣ್ಣತಮ್ಮಂದಿರಂತೆ ಕರೆಯುತ್ತಿದ್ದರು. ಹಿರಿಯಣ್ಣ ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸುವವನು. ನಡುವಿನವನದು ವಿದ್ಯುತ್ ಮೋಟಾರು. ಕಿರಿಯನಿಗೆ ಬ್ಯಾಟರಿಯ ನೆರವೂ ಉಂಟು. ಬಂದರೂ ಹೋದರೂ ಸದ್ದಿಲ್ಲ.

ತೋಂಗ್ ಬಾವೊಲಿಂಗ್ ಯೌವನದಿಂದಲೂ ಹಿರಿಯಣ್ಣನ ಚಾಲಕ. ಭಾರ ಹಿಡಿದು ಹೊರಡುವಾಗ ಅದರ ಸದ್ದು ಒಮ್ಮೆ ಕುಗ್ಗಿ, ಬಳಿಕ ಮೆಲ್ಲಗೆ ಏರುತ್ತಿತ್ತು. ಆ ಸದ್ದು ಷೆಡ್ಡಿನತ್ತ ಸರಿದಾಗ, ಹಳಿಯಂಚಿನ ವಸತಿಗೃಹದಲ್ಲಿ ಹೆಂಡತಿ ಯುನ್‌ಷಿಯಾ ಬೋಗುಣಿಗಳನ್ನು ಮೇಜಿಗಿಡುತ್ತಿದ್ದಳು. ಈಗ ಮರೆವಿನ ಕಾಯಿಲೆಯಿಂದಾಗಿ ಅವಳ ನೆನಪಿನಿಂದ ಗಂಡನ ಮುಖವೂ ಜಾರಿಹೋಗಿತ್ತು. ಉಳಿದದ್ದು ಆ ಸದ್ದೊಂದೇ. ಹಿರಿಯಣ್ಣನನ್ನು ಗುಜರಿಗೆಂದು ನಿಲ್ಲಿಸಿ ಬಾವೊಲಿಂಗನನ್ನು ಕಿರಿಯನ ಮೇಲೆ ಹಾಕಿದಂದಿನಿಂದ ಅವಳು ಸಂಜೆ ತುತ್ತೆತ್ತಿರಲಿಲ್ಲ. "ಅವರು ಬರಲಿ," ಎನ್ನುತ್ತಿದ್ದಳು.

ಬಾವೊಲಿಂಗ್ ಷೆಡ್ಡಿನ ಮೇಸ್ತ್ರಿ ಗೈ ಎಂಬವನ ಬಳಿ ಹೋದ.

"ಹಿರಿಯಣ್ಣನ್ನ ಒಂದೇ ಒಂದು ಸಲ ನಮ್ಮನೆ ಮುಂದೆ ಓಡಿಸ್ಬೇಕು ಕಣೋ."

"ಹೆಂಗೆ ಓಡಿಸ್ತೀಯ, ಬೆನ್ನ ಮೇಲೆ ಹೊತ್ಕೊಂಡಾ? ಅವನ ಗೇರುಪೆಟ್ಟಿಗೆ ಬಿಚ್ಚಿ ಗಣಿಯವರ ಎಂಜಿನ್‌ಗೆ ಹಾಕಾಯ್ತು."

"ನಡುವಿನವನದು ಹಾಕೋಕಾಗಲ್ವಾ?"

"ಅವನದು ಮೋಟಾರು, ಅವನಿಗೆಲ್ಲಿದೆಯೋ ಆ ಪೆಟ್ಟಿಗೆ? ಇಷ್ಟು ವರ್ಷ ಓಡಿಸ್ದೋನು ಕೇಳೋ ಪ್ರಶ್ನೆನಾ ಇದು?"

ಬಾವೊಲಿಂಗ್ ತಲೆ ತಗ್ಗಿಸಿದ. ಗೈಯ ನಗು ಅಲ್ಲಿಗೇ ನಿಂತಿತು.

"ಅತ್ತಿಗೆ ಹೇಗಿದಾರೆ?"

"ಮೂಳೆ ಎಣಿಸ್ಬೋದು."

"ಡೀಸೆಲ್ ಯಂತ್ರ ಇನ್ನೂ ಒಳಗೇ ಇದೆ. ನಿಂತಲ್ಲೇ ಚಾಲೂ ಮಾಡ್ತೀನಿ. ನೀನು ಮನೆಗೆ ಓಡು."

ಬಾವೊಲಿಂಗ್ ಮನೆಯ ಬಾಗಿಲು ದಾಟುವಷ್ಟರಲ್ಲಿ ಸದ್ದು ಎದ್ದಿತು. ಯುನ್‌ಷಿಯಾಳ ಮುಖ ಅರಳಿತು. ಸೌಟು ಹಿಡಿದಳು, ಕಿವಿಗೊಟ್ಟಳು, ಮತ್ತೆ ಸೌಟನ್ನು ಕೆಳಗಿಟ್ಟಳು.

"ನಿಂತಲ್ಲೇ ಗುರುಗುಡ್ತಿದೆ. ಭಾರ ಹಿಡೀತಿಲ್ಲ. ಇನ್ನೂ ಹೊರಟಿಲ್ಲ ಅವರು."

"ನಾನೇ ಕಣೇ, ಬಾವೊಲಿಂಗ್. ಬಂದಿದೀನಿ ನೋಡು."

"ತಮಾಷೆ ಮಾಡ್ಬೇಡಿ. ಅವರ ಎಂಜಿನ್ ಅಲ್ಲಿ ಗುರುಗುಡ್ತಿರೋವಾಗ ಅವರು ಇಲ್ಲಿಗೆ ಹೇಗೆ ಬರ್ತಾರೆ?"

ಬಾವೊಲಿಂಗ್ ತಾನೇ ಬೇಡಿ ಎಬ್ಬಿಸಿದ ಸದ್ದು ಅವನ ವಿರುದ್ಧವೇ ಸಾಕ್ಷಿ ನುಡಿಯುತ್ತಿತ್ತು. ಅವನು ಹೊರಗೆ ಹೋಗಿ ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ನಿಂತ. ಅತಿಥಿಯನ್ನು ಒಂಟಿಯಾಗಿ ಉಣ್ಣಲು ಬಿಡುವುದು ಆ ಕಡೆಯ ಮನೆಗಳಲ್ಲಿ ದೊಡ್ಡ ಅವಮಾನ. ಮನೆಯಾಕೆಯೂ ಜೊತೆಗೆ ಕೂತು ಉಣ್ಣಬೇಕು. ಯುನ್‌ಷಿಯಾ ಆ ಮರ್ಯಾದೆಯನ್ನು ಎಂದೂ ತಪ್ಪಿದವಳಲ್ಲ. ಅವನು ಚಾಲಕರ ಟೋಪಿ ತೆಗೆದು ಜೇಬಿಗೆ ತುರುಕಿ, ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದ.

"ಅತ್ತಿಗೆ, ನಾನು ಬಾವೊಲಿಂಗನ ಜೊತೆ ಕೆಲಸ ಮಾಡೋನು. ದೂರದಿಂದ ಬಂದೆ, ಹಸಿವಾಗಿದೆ."

"ಅಯ್ಯೋ, ಹೊರಗ್ಯಾಕೆ ನಿಂತಿದೀರಿ? ಬನ್ನಿ ಬನ್ನಿ!"

ಅವಳು ಎರಡು ಬೋಗುಣಿಗೆ ನವಣೆ ಗಂಜಿ ಬಡಿಸಿದಳು. ಹುಳಿ ಎಲೆಕೋಸನ್ನು ಊಟದ ಕಡ್ಡಿಗಳಿಂದ ಅವನ ಬೋಗುಣಿಗೆ ಹಾಕಿ, ತಾನೂ ಕೂತು ಉಂಡಳು. ಹಸಿದವಳಂತೆ ಉಂಡಳು.

"ಬಾವೊಲಿಂಗ್ ನಿಮ್ಮನ್ನ ಚೆನ್ನಾಗಿ ನೋಡ್ಕೋತಾನಾ?"

"ಒಳ್ಳೆಯವರೇ. ಮಾತು ಕಮ್ಮಿ," ಎಂದು ನಕ್ಕಳು. "ನೀವ್ಯಾಕೆ ಉಣ್ತಾ ಇಲ್ಲ? ಸಂಕೋಚ ಬೇಡ."

ಅವನ ಬೋಗುಣಿಯಲ್ಲಿ ಅರ್ಧದಷ್ಟು ಗಂಜಿ ಇನ್ನೂ ಹಾಗೇ ಇತ್ತು. ಅತಿಥಿ ಇನ್ನೊಮ್ಮೆ ಬಡಿಸಿಕೊಂಡರೆ ಮನೆಯಾಕೆಯೂ ಬಡಿಸಿಕೊಳ್ಳುತ್ತಾಳೆ. ಬಾವೊಲಿಂಗ್ ಉಳಿದದ್ದನ್ನು ಒಂದೇ ಗುಟುಕಿಗೆ ನುಂಗಿ, ಬೋಗುಣಿಯನ್ನು ಅವಳತ್ತ ಚಾಚಿದ.

"ಇನ್ನೊಂದು ಸೌಟು ಹಾಕಿ, ಅತ್ತಿಗೆ."