ಬೀಗದ ಮನೆಯ ನೀರು

ಸುಳ್ಳಾದರೆ ಕುಡಿದ ನೀರು ಗಂಟಲಲ್ಲೇ ನಿಲ್ಲಲಿ, ಇದು ನಡೆದದ್ದೇ: ಬೀಗ ಹಾಕಿದ ಮನೆಯೊಂದು ದಿನಾ ಸಂಜೆ ನಾಲ್ಕೂ ಹತ್ತಕ್ಕೆ ಸರಿಯಾಗಿ ಒಂದು ಬಕೆಟ್ ನೀರು ಕುಡಿಯುತ್ತಿತ್ತು.

ಕಂಡವನು ನೀರಿನ ಕಚೇರಿಯ ಮೀಟರಣ್ಣ. ಇಪ್ಪತ್ತು ವರ್ಷ ಗೇಟು ಗೇಟಿಗೆ ಬಗ್ಗಿ ಮೀಟರ್ ಓದಿ ಬೆನ್ನು ಬಿಲ್ಲಾದವನಿಗೆ ಈಗ ಕೆಲಸವೆಲ್ಲ ಮೊಬೈಲಿನಲ್ಲೇ. ಹೊಸ ಸಾಫ್ಟ್‌ವೇರ್ ಪರದೆಯ ಮೇಲೆ ಬೀದಿಗೊಂದು ಕಂಬದ ಗೆರೆ ಎಬ್ಬಿಸಿ, ಎಲ್ಲೆಲ್ಲಿ ಎಷ್ಟು ನೀರು ಹೋಯಿತೆಂದು ತೋರಿಸುತ್ತಿತ್ತು. ಖುಷಿ ತಡೆಯಲಾರದೆ ಅವನು ಅದರ ಲಿಂಕನ್ನು ಮನೆಯವರ ವಾಟ್ಸಾಪ್ ಗುಂಪಿಗೂ ಕಳಿಸಿದ್ದ: "ನೋಡ್ರಪ್ಪ, ನಮ್ಮ ಕೆಲಸ!"

ಅವತ್ತು ಹೆಬ್ಬೆರಳು ಸುಮ್ಮನೆ ಒಂದು ಕಂಬದ ಮೇಲೆ ಊರಿ ನಿಂತಿತು. ಕಂಬ ಸೀಳಿ ಮನೆ ಮನೆಯ ಗೆರೆಗಳಾಯಿತು. ಪಾಸ್‌ವರ್ಡ್ ಇಲ್ಲ, ಏನಿಲ್ಲ. ಯಾರು ಎಷ್ಟು ಹೊತ್ತಿಗೆ ಮುಖ ತೊಳೆದರು, ಯಾರ ಮನೆಯಲ್ಲಿ ಮೂರು ದಿನದಿಂದ ಸ್ನಾನವಿಲ್ಲ, ಎಲ್ಲ ಬಟಾಬಯಲು. ಕಿಸಿಕಿಸಿ ನಗುತ್ತ ನೋಡಿದವನ ನಗು ಒಂಬತ್ತನೇ ನಂಬರಿನಲ್ಲಿ ಆರಿತು. ಅದು ತೀರಿಹೋದ ಚಿಕ್ಕಮ್ಮನ ಬೀಗದ ಮನೆ; ಅಲ್ಲಿ ದಿನಾ ನಾಲ್ಕೂ ಹತ್ತಕ್ಕೆ ಒಂದು ಬಕೆಟ್ ನೀರು. ಕೀಲಿ ಇದ್ದದ್ದು ತಂಗಿಯ ಬಳಿ. ಗಂಡನ ಏಟು ತಾಳದೆ ತಂಗಿ ಕಣ್ಮರೆಯಾಗಿ ತಿಂಗಳಾಗಿತ್ತು; ಎಲ್ಲಿದ್ದೇನೆಂದು ಅಣ್ಣನಿಗೂ ಹೇಳಿರಲಿಲ್ಲ.

ಗೆರೆಯ ಕೆಳಗೆ ಸಣ್ಣಕ್ಷರ: 'ಈಗ ನೋಡುತ್ತಿರುವವರು: ಇಬ್ಬರು.'

ಮೊಬೈಲ್ ಹೊಡೆದುಕೊಂಡಿತು. ತಂಗಿಯ ಗಂಡ; ಅವನೂ ಮನೆಯವರ ಗುಂಪಿನಲ್ಲಿದ್ದ.

"ಏನ್ ಭಾವ, ನಿಮ್ಮ ಚಿಕ್ಕಮ್ಮ ಸತ್ತ ಮೇಲೂ ನೀರು ಹಿಡೀತಾರಲ್ಲ!"

"ಅಯ್ಯೋ, ಹಳೇ ಪೈಪು ಕಣಪ್ಪ. ಆ ಬೀದೀಲಿ ಬೀಗದ ಮನೆಗಳೆಲ್ಲ ಸೋರ್ತವೆ."

"ಇವತ್ತು ಒಂದೇ ಸೋರ್ತು."

"ನಾಳೆ ನೋಡು ಬೇಕಾದ್ರೆ."

"ನೋಡ್ತೀನಿ. ಮಿಕ್ಕಿದ್ದು ಸೋರ್ಲಿಲ್ಲ ಅಂದ್ರೆ ನಾನೇ ಬಂದು ರಿಪೇರಿ ಮಾಡ್ತೀನಿ, ಭಾವ."

ಮೀಟರಣ್ಣ ಕಚೇರಿಯ ಸಾಹೇಬರ ಬಳಿ ಓಡಿ, ಮನೆ ಮನೆಯ ಲೆಕ್ಕ ಕಾಣದಂತೆ ಮಾಡಿ ಎಂದ. ಅವರು ತಲೆಯೆತ್ತದೆ ಅಂದರು: "ಬೀದಿ ಲೆಕ್ಕ ಮಾತ್ರ ಕಣಯ್ಯ. ಮನೇದು ಕಾಣೋದೇ ಇಲ್ಲ."

ಮಾರನೇ ದಿನ ನಾಲ್ಕಕ್ಕೆ ಅವನು ಗೋಡೆ ಹಾರಿ, ಮುಳ್ಳುಬೇಲಿಗೆ ಪ್ಯಾಂಟು ಕೊಟ್ಟು, ಬೀಗದ ಐದು ಮನೆಗಳ ಅಂಗಳದ ನಲ್ಲಿ ತಿರುಗಿಸಿದ. ಏದುಸಿರು ಬಿಡುತ್ತ ಒಂಬತ್ತನೇ ನಂಬರಿನ ಬಾಗಿಲಿಗೆ ಬಂದು ನಿಂತ. ನಾಲ್ಕೂ ಹತ್ತು. ಒಳಗೆ ಬಕೆಟ್ಟಿಗೆ ನೀರು ಬಿದ್ದ ಸದ್ದು. ತಟ್ಟಲೆಂದು ಎತ್ತಿದ ಕೈ ಹಾಗೇ ಇಳಿಯಿತು.

ಮೊಬೈಲಿನ ಪರದೆಯಲ್ಲಿ ಬೀಗದ ಮನೆಗಳ ಗೆರೆಗಳು ಒಟ್ಟಿಗೆ ಎದ್ದವು. ಎಣಿಸಿದ. ತಾನು ತಿರುಗಿಸಿದ್ದು ಐದು, ತಂಗಿಯದೊಂದು, ಆರಾಗಬೇಕು. ಏಳು ಎದ್ದಿದ್ದವು.

ಏಳನೆಯದು ಮೂಲೆಮನೆ. ಅಲ್ಲಿಗೆ ಅವನು ಕಾಲೇ ಇಟ್ಟಿರಲಿಲ್ಲ. ಅದರ ಬೀಗಕ್ಕೆ ತುಕ್ಕು ಹಿಡಿದು ವರ್ಷಗಳಾಗಿದ್ದವು.

ನೋಡುತ್ತಿರುವವರು: ಇಬ್ಬರು. ಇಬ್ಬರು. ಆಮೇಲೆ, ಒಬ್ಬರು.

ಬಾಗಿಲ ಹಿಂದೆ ತಂಗಿಯ ನಲ್ಲಿ ನಿಂತಿತು. ಮೂಲೆಮನೆಯದು ಇನ್ನೂ ಸಣ್ಣಗೆ ಸುರಿಯುತ್ತಿತ್ತು.

ಸರಿ, ಕೇಳಿದವರು ಪುಕ್ಕಟೆ ಎದ್ದು ಹೋಗುವಂತಿಲ್ಲ. ನಾಳೆ ನಾಲ್ಕೂ ಹತ್ತಕ್ಕೆ ನಿಮ್ಮ ಅಂಗಳದ ನಲ್ಲಿಯಲ್ಲೂ ಒಂದು ಬಕೆಟ್ ನೀರು ಬಿಡಿ, ಅಡಗಿದವರ ಗೆರೆ ನಿಮ್ಮದರ ನಡುವೆ ಮರೆಯಾಗಲಿ. ಬೀದಿ ಯಾವುದೆಂದು ಮಾತ್ರ ನನ್ನನ್ನು ಕೇಳಬೇಡಿ.