ಚಿಂದಿ ಸಾಹೇಬರು

ಅಂಗಳದಲ್ಲಿ ಬಟ್ಟೆ ಒಣಹಾಕಲು ಕಟ್ಟಿದ ಹಗ್ಗವನ್ನೂ ನಮ್ಮ ಸಾಹೇಬರು ಒಂದು ದಿನವಾದರೂ ನೇರವಾಗಿ ದಾಟಿದವರಲ್ಲ. ಮನೆಯ ಬಾಗಿಲಿನಿಂದ ಗೇಟಿಗೆ ಹದಿನೈದು ಹೆಜ್ಜೆ. ನಡುವೆ ಅಡ್ಡಲಾಗಿ ಒಂದು ನೈಲಾನ್ ಹಗ್ಗ, ಅದರ ಮೇಲೆ ಎರಡು ಟವೆಲ್ಲು, ಒಂದು ದಿಂಬಿನ ಚೀಲ. ನಾವೆಲ್ಲ ತಲೆ ತಗ್ಗಿಸಿ ನುಸುಳುತ್ತಿದ್ದ ಆ ಬಡಪಾಯಿ ಹಗ್ಗವನ್ನು ಅವರು ನೀರಿನ ತೊಟ್ಟಿಯ ಹಿಂದಿನಿಂದ ಬಳಸಿ, ಗೋಡೆಯಂಚಿಗೆ ಅರ್ಧಚಂದ್ರಾಕಾರವಾಗಿ ಸುತ್ತಿ, ನಲವತ್ತು ಹೆಜ್ಜೆ ಸವೆಸಿ ಗೇಟು ಸೇರುತ್ತಿದ್ದರು. ಮಳೆ ಬರಲಿ, ಕಚೇರಿಗೆ ಹೊತ್ತಾಗಲಿ, ಆ ಪ್ರದಕ್ಷಿಣೆ ತಪ್ಪುತ್ತಿರಲಿಲ್ಲ. ಹಗಲು ಅವರೆದುರಿನ ಮೇಜಿನ ಗುಮಾಸ್ತನೂ ಸಂಜೆ ಅವರ ಹಿತ್ತಲ ಕೋಣೆಯ ಬಾಡಿಗೆದಾರನೂ ಆಗಿದ್ದ ನಾನು ಹನ್ನೊಂದು ವರ್ಷ ಅದನ್ನು ನೋಡಿ ನಕ್ಕಿದ್ದೇನೆ. ಈಗ ನಗುವುದಿಲ್ಲ.

ಅವರ ಉದ್ಯೋಗ, ಕೆಟ್ಟು ನಿಂತ ಮತ್ತು ಉರುಳಿಬಿದ್ದ ವಾಹನಗಳನ್ನು ಎಳೆದೊಯ್ಯುವ ಟೋಯಿಂಗ್ ಲಾರಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಯೋಗ್ಯತಾ ಪತ್ರಕ್ಕೆ ಸಹಿ ಹಾಕುವುದು. ಆ ಲಾರಿಯ ಬೆನ್ನಿನ ಮೇಲೊಂದು ಡ್ರಮ್ಮು, ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೊಂದು ಕೊಕ್ಕೆ. ಆ ವೃತ್ತಿಯ ಬದುಕೂ ಸಾವೂ ಇರುವುದು ಆ ಹಗ್ಗದಲ್ಲಿ. ನೂರಾರು ತಂತಿಯೆಳೆಗಳನ್ನು ಹೊಸೆದು ಮಾಡಿದ ಅದು ಭಾರ ಹೊತ್ತು ಬಿಗಿದಿರುವಾಗ ತುಂಡಾದರೆ, ಅದರ ದಾರಿಯಲ್ಲಿ ನಿಂತವನಿಗೆ ರೆಪ್ಪೆ ಮುಚ್ಚುವಷ್ಟೂ ವ್ಯವಧಾನವಿರುವುದಿಲ್ಲ. ಅವರ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ನಾನು, ಹಗ್ಗಕ್ಕೆ ಸಿಕ್ಕಿದ್ದೇ ಎಂದು ಮರುಕದಿಂದ ಕೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಮರ ಕೊಯ್ಯೋ ಮೆಶೀನಿಗೆ ಸಿಕ್ಕಿದ್ದು. ಹಗ್ಗಕ್ಕೆ ಸಿಕ್ಕಿದ್ರೆ ಬೆರಳು ಹೋಗಲ್ಲಪ್ಪ, ಬೆರಳು ಎಣಿಸೋನೇ ಹೋಗ್ತಾನೆ” ಅಂದರು.

ಇಂಥವರ ಕೋಟಿನ ಬಗ್ಗೆ ಹೇಳದೆ ಮುಂದೆ ಹೋಗುವುದು ಅನ್ಯಾಯ. ಬೂದು ಬಣ್ಣದ, ಕಂಬಳಿಯಷ್ಟು ದಪ್ಪದ, ಗ್ರೀಸಿನ ಕಲೆಗಳಿಂದ ಮೂಲವರ್ಣವನ್ನೇ ಮರೆತ ಆ ಕೋಟಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸು, ಹೊರಬಾಗಿಲ ಪಕ್ಕ ಅದಕ್ಕೆಂದೇ ಒಂದು ಮೊಳೆ ಹೊಡೆಸಿದ್ದರು. ಕೋಟಿನ ಒಳಜೇಬಿನಲ್ಲಿ ಒಂದು ಹತ್ತಿಬಟ್ಟೆಯ ಚಿಂದಿ. ಪರೀಕ್ಷೆಗೆ ಬಂದ ಲಾರಿಯ ಹಗ್ಗವನ್ನು ಡ್ರಮ್ಮಿನ ತಗಡು ಕಾಣುವವರೆಗೆ, ಕೊನೆಯ ಸುತ್ತಿನವರೆಗೆ ಬಿಚ್ಚಿಸಿ, ಚಿಂದಿಯನ್ನು ಹಗ್ಗಕ್ಕೆ ಸುತ್ತಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ನಾಡಿ ನೋಡುವ ವೈದ್ಯರ ಗಾಂಭೀರ್ಯದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಎಲ್ಲೋ ಒಂದು ಎಳೆ ಮುರಿದಿದ್ದರೆ ಅದು ಚಿಂದಿಗೆ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿಗೆ ನಿಲ್ಲುವರು, ಸೀಮೆಸುಣ್ಣದಲ್ಲಿ ಗೀಟು ಹಾಕುವರು, “ಹಗ್ಗ ಬಟ್ಟೆ ಕೇಳ್ತು. ಇನ್ನು ಅದನ್ನ ಕೆಲಸ ಕೇಳಬಾರ್ದು” ಎಂದು ಸಹಿಯಿಲ್ಲದ ಕಾಗದವನ್ನು ಹಿಂದಿರುಗಿಸುವರು. ಲಾರಿಯವರು ಹಿಡಿಶಾಪ ಹಾಕುತ್ತ ಅವರಿಗಿಟ್ಟ ಹೆಸರು ಚಿಂದಿ ಸಾಹೇಬರು. ಅದು ಕಿವಿಗೆ ಬಿದ್ದಾಗ ಅವರು ಒಳಗೊಳಗೇ ಖುಷಿಪಟ್ಟರೆಂದು ನನ್ನ ಅನುಮಾನ.

ಚಿಂದಿಯಂತೆ ಕೋಟಿಗೂ ಒಂದು ಕೆಲಸವಿತ್ತು. ಪರೀಕ್ಷೆಯಲ್ಲಿ ಹಗ್ಗ ಭಾರ ಎಳೆಯುವ ಮೊದಲು ಕೋಟನ್ನು ಬಿಚ್ಚಿ ಹಗ್ಗದ ನಡುಮಧ್ಯಕ್ಕೆ ಹೊದಿಸುತ್ತಿದ್ದರು. ಹಗ್ಗ ಮುರಿದರೂ ಕೋಟಿನ ತೂಕ ಅದನ್ನು ನೆಲಕ್ಕೆ ಕೆಡವುತ್ತದೆ, ಗಾಳಿಯಲ್ಲಿ ಬೀಸಗೊಡುವುದಿಲ್ಲ. ಬೇಸಿಗೆಯ ನಡುಹಗಲಲ್ಲೂ ಕೋಟು ತೊಟ್ಟು ಬರುತ್ತಿದ್ದರು. ಸೆಕೆಯಾಗುವುದಿಲ್ಲವೇ ಎಂದರೆ, ಇದು ನನಗಲ್ಲ, ಹಗ್ಗಕ್ಕೆ ಎನ್ನುತ್ತಿದ್ದರು.

ಅಕ್ಕನಿಗೆ ಒಬ್ಬನೇ ತಮ್ಮ. ತಾಯಿ ಸತ್ತ ಮೇಲೆ ಅಕ್ಕನೇ ಸಾಕಿದ ಹುಡುಗ. ಬೆಳೆದು ದೊಡ್ಡವನಾಗಿ ಒಂದು ಟೋಯಿಂಗ್ ಲಾರಿಯ ಯಜಮಾನನಾಗಿದ್ದ. ಕೆಲಸ ಕಲಿಸಿದವರು ಸಾಹೇಬರೇ. ಮೊದಲ ಲಾರಿ ತಂದ ದಿನ ಅವರು ಭಾಮೈದನಿಗೆ ಉಡುಗೊರೆಯಾಗಿ ಕೊಟ್ಟದ್ದು ಅಂಥದ್ದೇ ಇನ್ನೊಂದು ಬೂದು ಕೋಟು. ಅವನೂ ಹಗ್ಗಕ್ಕೆ ಕೋಟು ಹೊದಿಸಿ, ಸೇರಿದ ಜನರನ್ನೆಲ್ಲ ಇಪ್ಪತ್ತು ಮಾರು ದೂರ ಅಟ್ಟಿ, ಭಾವನ ಧಾಟಿಯಲ್ಲೇ ಗದರುತ್ತಿದ್ದ. ಮರಿ ಸಾಹೇಬರು ಎಂದು ನಾವು ಅವನನ್ನು ಚುಡಾಯಿಸುತ್ತಿದ್ದೆವು.

ಈಗ ಆ ದಿನಕ್ಕೆ ಬರಬೇಕು. ಬರಲು ನನಗೆ ಮನಸ್ಸಿಲ್ಲ. ವರ್ಷದ ಪರೀಕ್ಷೆಯ ಕೊನೆಯ ದಿನ, ಮಧ್ಯಾಹ್ನ ಮೂರು ಗಂಟೆ, ಕಚೇರಿಯ ಅಂಗಳದಲ್ಲಿ ಇನ್ನೂ ಒಂಬತ್ತು ಲಾರಿಗಳ ಸಾಲು. ಭಾಮೈದನ ಲಾರಿಯ ಸರದಿ ಬಂತು. ಸಾಹೇಬರು ಹಗ್ಗ ಎಳೆಸಿದರು, ಚಿಂದಿ ಹಿಡಿದು ನಡೆದರು. ಹಗ್ಗ ಬೆಣ್ಣೆಯಷ್ಟು ನಯವಾಗಿತ್ತು. ಮುಕ್ಕಾಲು ಪಾಲು ಹೊರಬಂದಿತ್ತು, ಒಳಗಿನ ಸುತ್ತುಗಳು ಡ್ರಮ್ಮಿನ ಮೇಲೇ ಇದ್ದವು. ಅವರು ಉಳಿದುದನ್ನೂ ಬಿಚ್ಚಲು ಕೈಸನ್ನೆ ಮಾಡಲು ಹೊರಟಾಗ, ಕಾಗದಗಳ ಕಟ್ಟು ಹಿಡಿದು ಪಕ್ಕದಲ್ಲಿ ನಿಂತಿದ್ದ ಬಾಯಿಬಡುಕ ನಾನು, ಮನೆಗೆ ಹೋಗುವ ಆತುರದಲ್ಲಿ, “ಬಿಡಿ ಸಾರ್, ನಿಮ್ಮ ಶಿಷ್ಯನ ಹಗ್ಗವನ್ನೂ ನಂಬಲ್ಲ ಅಂದ್ರೆ ಅಕ್ಕ ಇವತ್ತು ಊಟ ಹಾಕ್ತಾರಾ?” ಎಂದುಬಿಟ್ಟೆ. ಸುತ್ತ ನಿಂತವರು ನಕ್ಕರು. ಭಾಮೈದನೂ ನಕ್ಕ, ಒಂದು ಗಳಿಗೆ ತಡೆದು ನಕ್ಕ, ಅದು ನನಗೆ ಆಮೇಲೆ ನೆನಪಾಯಿತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಸಾಹೇಬರೂ ನಕ್ಕು, ಚಿಂದಿಯನ್ನು ಜೇಬಿಗೆ ತುರುಕಿ, ‘ಹಗ್ಗವನ್ನು ಪೂರ್ತಿ ಬಿಚ್ಚಿ ನೋಡಲಾಗಿದೆ’ ಎಂಬ ಅಚ್ಚಿನ ಸಾಲಿನ ಕೆಳಗೆ ಸಹಿ ಹಾಕಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನ ಮಾತು ಹೋಗಿ ಎಲ್ಲಿ ಬಿತ್ತೆಂದು ತಿಳಿಯಲು ಐದು ವಾರ ಬೇಕಾಯಿತು.

ಹಗ್ಗ ಸವೆಯುವುದು ಕೊಕ್ಕೆಯ ಕಡೆಯ ತುದಿಯಲ್ಲಿ. ಡ್ರಮ್ಮಿನ ತಳದ ಸುತ್ತುಗಳು ಹೊರಬರುವುದು ಅಪರೂಪವಾದ್ದರಿಂದ ಹೊಸದರಂತೆಯೇ ಉಳಿದಿರುತ್ತವೆ. ಆದ್ದರಿಂದ ಹೊಸ ಹಗ್ಗ ಹಾಕಲು ಹಿಂದೆಮುಂದೆ ನೋಡುವವರು ಹಳೆಯದನ್ನೇ ತಿರುಗಿಸಿ ಸುತ್ತುವುದುಂಟು: ಸವೆದ ತುದಿ ತಳಕ್ಕೆ, ಹೊಳೆಯುವ ತುದಿ ಕೊಕ್ಕೆಗೆ. ದಿನನಿತ್ಯದ ಕೆಲಸಕ್ಕೆ ತಳದ ಸುತ್ತುಗಳು ಬೇಕಾಗುವುದಿಲ್ಲ, ಒಂದು ವರ್ಷ ಹೇಗೋ ನೂಕಬಹುದು ಎಂಬ ಲೆಕ್ಕ. ಭಾಮೈದ ಮಾಡಿದ್ದು ಅದನ್ನೇ. ಭಾವನ ಕಣ್ಣಿಗೆ ಮಣ್ಣೆರಚುವ ಉದ್ದೇಶ ಅವನಿಗಿತ್ತೆಂದು ನಾನು ನಂಬುವುದಿಲ್ಲ. ಭಾವ ಹೇಗಿದ್ದರೂ ಪೂರ್ತಿ ಬಿಚ್ಚಿಸುತ್ತಾರೆ, ಬೈಯುತ್ತಾರೆ, ಬೈಸಿಕೊಂಡು ಹೊಸದು ಹಾಕಿಸಿದರಾಯಿತು ಎಂದುಕೊಂಡಿದ್ದನೋ ಏನೋ. ಬೈಗುಳಕ್ಕೆ ಸಿದ್ಧನಾಗಿ ಬಂದವನಿಗೆ ನಾನು ನಗು ಕೊಟ್ಟು ಕಳಿಸಿದೆ.

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಸರಕು ತುಂಬಿದ ಲಾರಿಯೊಂದು ರಸ್ತೆ ಬಿಟ್ಟು ಇಳಿಜಾರಿನ ತಳಕ್ಕೆ ಜಾರಿತು. ಅಷ್ಟು ಆಳಕ್ಕೆ ಹಗ್ಗ ಪೂರ್ತಿ ಬೇಕಾಯಿತು. ಭಾಮೈದ ಜನರನ್ನು ದೂರ ಕಳಿಸಿದ, ಕೋಟು ತೆಗೆದು ಹಗ್ಗದ ನಡುವಿಗೆ ಹೊದಿಸಿದ, ಡ್ರಮ್ಮಿನ ಪಕ್ಕದ ಹಿಡಿಕೆ ಹಿಡಿದು ಎಳೆಯಲು ತೊಡಗಿದ. ಕಲಿತದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಹಗ್ಗ ಮುರಿದದ್ದು ನಡುವಿನಲ್ಲಲ್ಲ, ಡ್ರಮ್ಮಿನ ಬಾಯಲ್ಲಿ, ಅವನಿಂದ ಎರಡು ಮಾರಿನೊಳಗೆ. ಬೇರೆ ಯಾರಿಗೂ ಒಂದು ಗೀರೂ ಆಗಲಿಲ್ಲ. ಕೋಟು ಹಾಕಿದಲ್ಲೇ ಬಿದ್ದಿತ್ತು, ಒಂದು ಗುಂಡಿಯೂ ಕಿತ್ತಿರಲಿಲ್ಲ.

ಮೂರನೆಯ ದಿನ ಪೊಲೀಸಿನವರು ಅದನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದುಕೊಟ್ಟರು. ಅಕ್ಕ ಪೊಟ್ಟಣ ಬಿಚ್ಚಿ, ಕೋಟನ್ನು ಕೊಡವಿ, ಹೊರಬಾಗಿಲ ಮೊಳೆಗೆ ಮೊದಲಿದ್ದ ಕೋಟಿನ ಮೇಲೆಯೇ ತಗುಲಿಹಾಕಿದರು. ಆಮೇಲೆ ಮೆಟ್ಟಿಲ ಮೇಲೆ ಕೂತಿದ್ದ ಗಂಡನನ್ನು ಕೇಳಿದರು. ನಾನು ಅಲ್ಲೇ ತೊಟ್ಟಿಯ ಬಳಿ ನಿಂತಿದ್ದೆ.

“ಕೊನೇವರೆಗೆ ನೋಡಿದ್ರಾ?”

“ಇಲ್ಲ.”

ಅಕ್ಕ ಅಳಲಿಲ್ಲ. “ಹಾಗಾದ್ರೆ ಹಾಗೇ ಬರೀರಿ. ಸತ್ತೋನ ತಲೆಗೆ ಎಲ್ಲಾ ಕಟ್ಟಬೇಡಿ” ಅಂದು ಒಳಗೆ ಹೋದರು.

ಕಟ್ಟಲು ಕಚೇರಿ ತಯಾರಾಗಿಯೇ ಇತ್ತು. ನಮ್ಮ ಮೇಲಧಿಕಾರಿ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಪಂಥದವರು. ಬಾಗಿಲು ಮುಂದೆ ಮಾಡಿ, ಸಾಹೇಬರ ಭುಜದ ಮೇಲೆ ಕೈಯಿಟ್ಟು, ಹಗ್ಗವನ್ನು ಪರೀಕ್ಷೆಯ ನಂತರ ತಿರುಗಿಸಲಾಗಿದೆ ಎಂದು ಒಂದೇ ಒಂದು ಸಾಲು ಬರೆದುಕೊಡಿ, ಹೋದವರಿಗೆ ಅದರಿಂದ ಆಗುವ ನಷ್ಟವೇನು, ಇದ್ದವರ ನೌಕರಿ ಉಳಿಯುತ್ತದೆ ಎಂದು ಬುದ್ಧಿ ಹೇಳಿದರು. ನಾಲ್ಕು ವರ್ಷದಲ್ಲಿ ನಿವೃತ್ತಿಯಾಗಬೇಕಿದ್ದ ಮನುಷ್ಯ. ಆ ಸಾಲನ್ನು ಸುಳ್ಳೆನ್ನಬಲ್ಲವನು ಸತ್ತಿದ್ದ. ಅಂದು ಸುತ್ತ ನಿಂತು ನಕ್ಕಿದ್ದ ಲಾರಿಯವರು ಕಚೇರಿಯ ವಿರುದ್ಧ ಬಾಯಿಬಿಡುವವರಲ್ಲ. ಉಳಿದ ಒಬ್ಬನೇ ಸಾಕ್ಷಿ, ಟೈಪ್ ಮಾಡಲು ಕೂತಿದ್ದ ನಾನು. ನನ್ನಿಂದ ಯಾರಿಗೂ ಭಯವಿರಲಿಲ್ಲ.

ಸಾಹೇಬರು ನನ್ನ ಮೇಜಿನ ಮುಂದೆ ನಿಂತು, ಪಾಠ ಒಪ್ಪಿಸುವವರಂತೆ ಹೇಳಿ ಬರೆಸಿದರು: ಕೊಕ್ಕೆಯ ತುದಿ ಪರೀಕ್ಷೆಯ ದಿನವೇ ಹೊಸದರಂತೆ ನಯವಾಗಿತ್ತು, ಆದ್ದರಿಂದ ಹಗ್ಗ ಪರೀಕ್ಷೆಗೆ ಮೊದಲೇ ತಿರುಗಿಸಿ ಸುತ್ತಲ್ಪಟ್ಟಿತ್ತು. ಪೂರ್ತಿ ಬಿಚ್ಚಿದ್ದರೆ ಕಾಣುತ್ತಿತ್ತು. ನಾನು ಬಿಚ್ಚಿಸಲಿಲ್ಲ. ಬಿಚ್ಚಿಸಿದೆನೆಂದು ಸಹಿ ಮಾಡಿದ್ದು ಸುಳ್ಳು. ಅಷ್ಟೇ ಎಂದರು. ನಾನು ಕೊನೆಯ ಚುಕ್ಕಿಯನ್ನೂ ಒತ್ತಿದೆ. ತಲೆಯೆತ್ತದೆ ಕೇಳಿದೆ.

“ಸಾರ್, ನಾನು ಹೇಳಿದ್ದು?”

“ನೀನು ಮಾತಾಡಿದ್ದು. ಸಹಿ ಹಾಕಿದ್ದು ನಾನು.”

ನಾನು ಕಾಗದ ಎಳೆದು ಕೊಟ್ಟೆ. ಇನ್ನೊಂದು ಸಾಲು ಸೇರಿಸುತ್ತೇನೆಂದು ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನಗೆ ಆ ಗಳಿಗೆಯಲ್ಲಿ ಆದದ್ದು ಸಮಾಧಾನ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಅದೇ.

ಅವರನ್ನು ತಿಂಗಳೊಪ್ಪತ್ತಿನಲ್ಲಿ ಕೆಲಸದಿಂದ ತೆಗೆದರು. ಅವರ ಜಾಗಕ್ಕೆ ಬಂದಾತ ಕುರ್ಚಿಯಿಂದ ಏಳದೆ ದಿನಕ್ಕೆ ನಲವತ್ತು ಲಾರಿಗಳಿಗೆ ಸಹಿ ಹಾಕುತ್ತಾನೆ; ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಲಾರಿಯವರಿಗೆ ಅವನನ್ನು ಕಂಡರೆ ಬಲು ಪ್ರೀತಿ. ಸಾಹೇಬರು ಈಗಲೂ ಅಂಗಳದಲ್ಲಿ ಅರ್ಧಚಂದ್ರಾಕಾರವಾಗಿಯೇ ನಡೆಯುತ್ತಾರೆ, ಗೇಟಿನವರೆಗೆ ಹೋಗಿ ಹಿಂದಿರುಗುತ್ತಾರೆ. ಅಕ್ಕ ಅವರಿಗೆ ಊಟ ಬಡಿಸುತ್ತಾರೆ, ತಾವು ಆಮೇಲೆ ಒಬ್ಬರೇ ಕೂತು ಉಣ್ಣುತ್ತಾರೆ. ತಮ್ಮನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಮೊಳೆಯ ಮೇಲೆ ಎರಡು ಕೋಟುಗಳು ಒಂದರ ಮೇಲೊಂದು ತೂಗುತ್ತಿವೆ. ಈಚೆಗೆ ಮೊಳೆ ಭಾರಕ್ಕೆ ಬಾಗಿದ್ದನ್ನು ಕಂಡು ಸಾಹೇಬರೇ ಅದನ್ನು ಕಿತ್ತು ಇನ್ನೊಂದು ದಪ್ಪನೆಯದನ್ನು ಹೊಡೆದರು.

ಕೊನೆಯ ಸುತ್ತಿನವರೆಗೆ ನೋಡುವವರದು ಒಂದು ಕುಲ. ಅವರು ತಡೆದ ಸಾವುಗಳಿಗೆ ಲೆಕ್ಕವಿಲ್ಲ, ಏಕೆಂದರೆ ಉಳಿದವನು ತಾನು ಉಳಿದೆನೆಂಬುದನ್ನೇ ಅರಿಯದೆ ಮನೆಗೆ ಹೋಗಿ ಉಂಡು ಮಲಗುತ್ತಾನೆ, ಮರುದಿನ ಎದ್ದು ಅವರಿಗೆ ಅಡ್ಡಹೆಸರಿಡುತ್ತಾನೆ. ಅವರು ನೋಡದೆ ಬಿಟ್ಟ ಒಂದೇ ಒಂದು ಮಾತ್ರ ಹೆಸರು, ತಾರೀಖು, ಸಹಿಯ ಸಮೇತ ಉಳಿಯುತ್ತದೆ, ಮತ್ತು ಅದನ್ನು ಅವರು ಪಕ್ಕದವನ ಹೆಗಲಿಗೆ ದಾಟಿಸದೆ ತಾವೇ ಹೊರುತ್ತಾರೆ. ಆ ಕುಲದ ಪ್ರತಿಯೊಬ್ಬರ ಪಕ್ಕದಲ್ಲೂ ಕಾಗದಗಳ ಕಟ್ಟು ಹಿಡಿದು, ಗಡಿಯಾರ ನೋಡುತ್ತ, ಬಿಡಿ ಸಾರ್ ಎನ್ನುವವನೊಬ್ಬ ನಿಂತಿರುತ್ತಾನೆ. ಅವನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ನಮ್ಮ ಕುಲವೇ ದೊಡ್ಡದು.